ಗಂಟು ಇಡಲು ಒಂದು ಜಾಗ
(ದಾವಣಗೆರೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎರಡು ವರ್ಷದ ಹಿಂದೆ, ಮಾರ್ಗಶಿರದ ಚಳಿಯಲ್ಲಿ, ನಮ್ಮ ರೈಲು ನಿಲ್ದಾಣದ ಹೊರಗಿನ ಕಟ್ಟೆಯ ಮೇಲೆ ಒಬ್ಬರು ಮಲಗಿದ್ದರು. ಅರವತ್ತರ ಆಸುಪಾಸಿನ ವಯಸ್ಸು. ಎಡಗಾಲಿನ ಪಾದ ಊದಿಕೊಂಡು, ಬೆರಳ ಸಂದಿಯಲ್ಲಿ ಕೀವು ಕಟ್ಟಿತ್ತು. ರಾತ್ರಿ ಊಟದ ಪೊಟ್ಟಣ ಹಂಚುತ್ತ ಹೋಗಿದ್ದ ನಾವು ನಾಲ್ವರು ಆ ಕಾಲು ನೋಡಿ ಗಾಬರಿಯಾದೆವು. ಚಿಗಟೇರಿ ಆಸ್ಪತ್ರೆಗೆ ಹೋಗೋಣ, ಏಳಿ ಎಂದೆವು. ಒಲ್ಲೆ ಎಂದರು. ಆಟೊ ತರುತ್ತೇವೆ ಎಂದೆವು, ಖರ್ಚು ನಮ್ಮದು ಎಂದೆವು, ಜೊತೆಗೇ ಇರುತ್ತೇವೆ ಎಂದೆವು. ಒಲ್ಲೆ. ಕುಡಿದಿರಬೇಕು ಎಂದು ನಮ್ಮಲ್ಲೊಬ್ಬ ಹೇಳಿದ. ಬುದ್ಧಿ ನೆಟ್ಟಗಿಲ್ಲವೇನೋ ಎಂದು ನಾನೂ ಅಂದುಕೊಂಡೆ. ಮೂರನೆಯ ರಾತ್ರಿ ಅವರೇ ತಲೆಯ ಕೆಳಗಿದ್ದ ಚೀಲವನ್ನು ತಟ್ಟಿ ತೋರಿಸಿ, "ನಾನು ಹೋದರೆ ಇದನ್ನು ಯಾರು ನೋಡಿಕೊಳ್ಳುತ್ತಾರೆ?" ಎಂದು ಕೇಳಿದರು.

ಅದೊಂದು ಯೂರಿಯಾ ಚೀಲ. ಬಾಯಿಗೆ ಸೀರೆಯ ಅಂಚಿನ ಚೂರು ಬಿಗಿದಿತ್ತು. ಆಮೇಲೆ ನನ್ನ ಕೈಗೆ ಒಪ್ಪಿಸುವಾಗ, ಏನೇನಿದೆ ಎಂದು ನಾನು ತಿಳಿದಿರಬೇಕೆಂದು ಅವರೇ ಒಂದೊಂದಾಗಿ ತೆಗೆದು ತೋರಿಸಿದರು. ಅಂಚು ಸೊಟ್ಟಗಾದ ಸ್ಟೀಲ್ ತಟ್ಟೆ. ಒಂದು ಅಂಗಿ, ಒಂದು ಪಂಚೆ. ಸುಣ್ಣದ ಡಬ್ಬಿಯೊಳಗೆ ಸಾಬೂನಿನ ಚೂರು. ಹಲ್ಲು ಮುರಿದ ಬಾಚಣಿಗೆ. ಹಮಾಲಿ ಮಾಡುತ್ತಿದ್ದ ಕಾಲದ ಕೊಕ್ಕೆ, ಚೀಲಕ್ಕೆ ಚುಚ್ಚಿ ಎಳೆಯುವಂಥದ್ದು, ಹಿಡಿ ಸವೆದು ನುಣುಪಾಗಿತ್ತು. ಎಲ್ಲಕ್ಕಿಂತ ಕೆಳಗೆ, ಮೂರು ಸುತ್ತು ಪ್ಲಾಸ್ಟಿಕ್ ಹಾಳೆಯಲ್ಲಿ ಒಂದು ಫೋಟೊ ಮತ್ತು ಜಗಳೂರು ಕಡೆಯ ಒಂದು ಹಳ್ಳಿಯ ಹೆಸರಿದ್ದ ಹಳೆಯ ರೇಷನ್ ಕಾರ್ಡು. ಫೋಟೊದಲ್ಲಿ ಯಾರಿದ್ದಾರೆ ಎಂದು ನಾನು ಕೇಳಲಿಲ್ಲ. ಕೇಳಬೇಕೆನಿಸಲಿಲ್ಲ.

ಆ ಗಂಟನ್ನು ನಮ್ಮ ಮನೆಯ ಮೆಟ್ಟಿಲ ಕೆಳಗೆ ಇಟ್ಟ ಮೇಲೆ ಅವರು ಆಸ್ಪತ್ರೆಗೆ ಬಂದರು. ಮೂರು ರಾತ್ರಿ ನಾವು ಅನ್ನ ಕೊಟ್ಟಿದ್ದೆವು, ಕಂಬಳಿ ಕೊಟ್ಟಿದ್ದೆವು, ಬುದ್ಧಿಮಾತು ಧಾರಾಳವಾಗಿ ಕೊಟ್ಟಿದ್ದೆವು. ಅವರಿಗೆ ಬೇಕಾಗಿದ್ದದ್ದು ಗಂಟು ಇಡಲು ಒಂದು ಜಾಗ. ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಆ ಚೀಲದಿಂದಲೇ ಹುಟ್ಟಿದ್ದು.

ನಮ್ಮದು ಕೈ ಬಿಗಿ ಹಿಡಿದ ಊರಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ನೀವು ಬೈಗುಳವೆಂದು ತಿಳಿಯಬಾರದು. ಮೈಸೂರು ಅರಸರ ಕಾಲದ ಧರ್ಮಪ್ರಕಾಶ, ಧರ್ಮರತ್ನಾಕರ ಬಿರುದುಗಳನ್ನು ಹೊತ್ತ ರಾಜನಹಳ್ಳಿ ಮನೆತನದವರ ಹೆಸರು ಈ ಊರಿನ ಕಾಲೇಜಿನ ಮೇಲಿದೆ, ಛತ್ರದ ಮೇಲಿದೆ. ಚಿತ್ರದುರ್ಗದ ಮುರುಘಾಮಠದ ಜಯದೇವ ಜಗದ್ಗುರುಗಳು ಊರೂರಲ್ಲಿ ಉಚಿತ ವಿದ್ಯಾರ್ಥಿನಿಲಯಗಳನ್ನು ತೆರೆದರು. ಹಳ್ಳಿಯಿಂದ ಬರಿಗಾಲಲ್ಲಿ ಬಂದ ಎಷ್ಟು ಹುಡುಗರು ಅಲ್ಲಿ ಉಂಡು, ಓದಿ ಮೇಷ್ಟ್ರಾದರು, ವಕೀಲರಾದರು ಎಂಬುದು ಈ ಸಭೆಯಲ್ಲಿರುವ ಹಿರಿಯರಿಗೆ ನನಗಿಂತ ಚೆನ್ನಾಗಿ ಗೊತ್ತು. ಜಯದೇವ ವೃತ್ತವನ್ನು ದಿನಕ್ಕೆ ನಾಲ್ಕು ಬಾರಿ ದಾಟುವ ನಾವು ಆ ಹೆಸರಿನ ಹಿಂದೆ ಒಂದು ಊಟದ ಪಂಕ್ತಿ ಇದೆ ಎಂಬುದನ್ನು ಆಗಾಗ ನೆನೆಯಬೇಕು.

ಇನ್ನೂ ಹಿಂದಕ್ಕೆ ಹೋದರೆ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ, ನಮ್ಮ ತಿಪ್ಪಜ್ಜ. ಅಜ್ಜ ಕೆರೆ ಕಟ್ಟಿಸಿದ ಕಥೆ ನಮ್ಮ ಕಡೆ ಗೊತ್ತಿಲ್ಲದವರಿಲ್ಲ. ದಿನದ ಕೆಲಸ ಮುಗಿದ ಮೇಲೆ ಕೂಲಿಯವರೆಲ್ಲ ತಮ್ಮ ತಮ್ಮ ಮುಂದೆ ಮರಳಿನ ಗುಡ್ಡೆ ಮಾಡಿಕೊಳ್ಳಬೇಕು. ಗುಡ್ಡೆಯೊಳಗೆ ಕೈ ಹಾಕಿದರೆ, ಅವರವರು ದುಡಿದಷ್ಟು ಕೂಲಿ ಅಲ್ಲಿರುತ್ತಿತ್ತು. "ಮಾಡಿದಷ್ಟು ನೀಡು ಭಿಕ್ಷೆ" ಎಂಬ ಮಾತನ್ನು ಇಂದಿಗೂ ಅಲ್ಲಿನ ತೇರಿನಲ್ಲಿ ಕೇಳುತ್ತೇವೆ. ಚಿಕ್ಕಂದಿನಲ್ಲಿ ನನಗೆ ಇದು ಪವಾಡದ ಕಥೆಯಾಗಿತ್ತು. ಈಗ ಬೇರೊಂದು ಕಾಣುತ್ತದೆ. ಬರದ ನಾಡಿನಲ್ಲಿ ಹಸಿದವನಿಗೆ ಕೆಲಸ ಸಿಕ್ಕಿತು. ಅವನು ಯಾರ ಮುಂದೆಯೂ ಕೈ ಒಡ್ಡಲಿಲ್ಲ. ತನ್ನ ಗುಡ್ಡೆಗೆ ತಾನೇ ಕೈ ಹಾಕಿ ತೆಗೆದುಕೊಂಡ. ಅಜ್ಜ ಪಕ್ಕದಲ್ಲಿ ನಿಂತು ನೋಡುತ್ತಲೂ ಇರಲಿಲ್ಲ. ಕೊಡುವುದರಲ್ಲಿ ಇಷ್ಟು ನಾಜೂಕು ನಮಗೆ ಪರಂಪರೆಯಿಂದ ಬಂದಿದೆ.

ಹಾಗಿರುವಾಗ ಒಂದು ಪದದ ಗತಿಯನ್ನು ನೋಡಿ. ಛತ್ರ ಎಂದರೆ ನಮ್ಮ ಮುತ್ತಜ್ಜಂದಿರಿಗೆ ದಾರಿಹೋಕನಿಗೆ ಪುಕ್ಕಟೆ ಊಟ, ಪುಕ್ಕಟೆ ಚಾಪೆ ಸಿಗುವ ಮನೆ. ಇವತ್ತು ಛತ್ರ ಎಂದರೆ ಮದುವೆ ಮಂಟಪ. ದಿನಕ್ಕೆ ಇಷ್ಟು ಬಾಡಿಗೆ, ಕರೆಂಟಿಗೆ ಬೇರೆ, ಕಸಕ್ಕೆ ಬೇರೆ. ಆ ಮದುವೆಯಲ್ಲಿ ಬಡಿಸಲು ಬಂದ ಕೂಲಿಯವರು ರಾತ್ರಿ ಎಲ್ಲಿ ಮಲಗುತ್ತಾರೆ ಎಂದು ನೀವು ಯಾವತ್ತಾದರೂ ನೋಡಿದ್ದೀರಾ? ಛತ್ರದ ಹೊರಗೆ, ಶಟರ್ ಎಳೆದ ಅಂಗಡಿಗಳ ಮೆಟ್ಟಿಲ ಮೇಲೆ.

ಬೀದಿಯಲ್ಲಿ ಮಲಗುವವರೆಲ್ಲ ಭಿಕ್ಷೆ ಬೇಡುವವರು ಎಂಬ ಎಣಿಕೆ ನಮ್ಮಲ್ಲಿ ಗಟ್ಟಿಯಾಗಿ ಕುಳಿತಿದೆ. ನಾವು ರಾತ್ರಿ ಭೇಟಿಯಾಗುವವರಲ್ಲಿ ಹೆಚ್ಚಿನವರು ದುಡಿಯುವವರು. ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ಹೊರುವವರು, ಮಂಡಕ್ಕಿ ಭಟ್ಟಿಯ ಶಾಖದಲ್ಲಿ ಬೇಯುವವರು, ಹೋಟೆಲಿನ ಹಿಂಬದಿ ತಟ್ಟೆ ತೊಳೆಯುವವರು, ರದ್ದಿ ಆಯುವವರು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಈ ಊರು ಮೆರೆಯುತ್ತಿದ್ದಾಗ ಹತ್ತಿ ಗಿರಣಿಯ ಸೈರನ್ ಕೇಳಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರಂತೆ. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮಳೆ ಕೈಕೊಟ್ಟ ವರ್ಷ ಜನ ಗುಳೆ ಏಳುತ್ತಾರೆ. ಕೆಲವರು ಕಾಫಿ ಕೊಯ್ಲಿಗೆ ಮಲೆನಾಡಿಗೆ, ಕೆಲವರು ಬೆಂಗಳೂರಿಗೆ, ಕೆಲವರು ಇಲ್ಲಿಗೆ. ಬಂದವರಲ್ಲಿ ಒಬ್ಬನ ಸೊಂಟ ಬಿದ್ದರೆ, ಒಬ್ಬಳ ಗಂಡ ಸತ್ತರೆ, ಆಸ್ತಿ ಪಾಲಾದಾಗ ಮುದುಕಿ ಯಾರ ಪಾಲಿಗೂ ಬಾರದೆ ಉಳಿದರೆ, ಅಲ್ಲಿಂದ ಫುಟ್‌ಪಾತಿಗೆ ಹೆಚ್ಚು ದೂರವಿಲ್ಲ. ಕುಡಿತದಿಂದ ಬಂದವರೂ ಇದ್ದಾರೆ, ಮುಚ್ಚಿಡುವುದಿಲ್ಲ. ಆದರೆ ಬೀದಿಗೆ ಬಂದ ಮೇಲೆ ಕುಡಿತ ಕಲಿತವರನ್ನೂ ನಾನು ಬಲ್ಲೆ. ಸಿಮೆಂಟಿನ ನೆಲದ ಚಳಿಯಲ್ಲಿ ಒಂದು ರಾತ್ರಿ ಮಲಗಿ ನೋಡಿದರೆ ಅದರ ಕಾರಣ ತಿಳಿಯುತ್ತದೆ.

ಸರ್ಕಾರ ಇವರನ್ನು ಎಣಿಸಿದೆ. 2011ರ ಜನಗಣತಿಯಲ್ಲಿ ಮನೆಯಿಲ್ಲದವರನ್ನು ಎಣಿಸಿದ್ದು ಒಂದೇ ರಾತ್ರಿ, ಫೆಬ್ರುವರಿ 28ರಂದು. ರಸ್ತೆ ಬದಿ, ಮೇಲ್ಸೇತುವೆಯ ಅಡಿ, ಮೆಟ್ಟಿಲ ಕೆಳಗೆ, ಗುಡಿಯ ಅಂಗಳ, ರೈಲ್ವೆ ಪ್ಲಾಟ್‌ಫಾರಂ, ಕಾಂಕ್ರೀಟ್ ಕೊಳವೆಯೊಳಗೆ ಮಲಗಿದವರೆಲ್ಲ ಆ ಲೆಕ್ಕಕ್ಕೆ ಸೇರುತ್ತಾರೆ. ದೇಶದಲ್ಲಿ ಸಿಕ್ಕವರು 17 ಲಕ್ಷ 70 ಸಾವಿರಕ್ಕೂ ಹೆಚ್ಚು. ಆ ರಾತ್ರಿ ಲಾರಿಯ ಮೇಲೆ ಮೂಟೆ ಇಳಿಸುತ್ತಿದ್ದವನು, ಪೊಲೀಸರಿಗೆ ಹೆದರಿ ಕತ್ತಲೆಗೆ ಸರಿದ ಹೆಂಗಸು ಈ ಲೆಕ್ಕಕ್ಕೆ ಸಿಕ್ಕಿರಲಾರರು.

ಈಗ ನಮ್ಮ ದಾನದ ವಿಷಯಕ್ಕೆ ಬರುತ್ತೇನೆ. ನಾವು ಕೊಡುವುದು ನಮ್ಮ ಪಂಚಾಂಗದ ಪ್ರಕಾರ. ಮಗನ ಹುಟ್ಟುಹಬ್ಬ, ತಂದೆಯ ಪುಣ್ಯತಿಥಿ, ಬಸವ ಜಯಂತಿ, ಹೊಸ ವರ್ಷ. ಒಂದು ಹಬ್ಬದ ಸಂಜೆ ಬಸ್ ನಿಲ್ದಾಣಕ್ಕೆ ಒಂದೂವರೆ ಗಂಟೆಯೊಳಗೆ ಐದು ಗುಂಪು ಪಲಾವ್ ತಂದದ್ದನ್ನು ನಾನೇ ಕಂಡಿದ್ದೇನೆ. ಅದರಲ್ಲಿ ಮೂರನೆಯದು ನಮ್ಮದೇ. ಒಬ್ಬ ಹುಡುಗ ತನ್ನ ಮುಂದೆ ನಾಲ್ಕು ಪೊಟ್ಟಣ ಜೋಡಿಸಿಕೊಂಡು ಕುಳಿತಿದ್ದ. ಬೆಳಗಾಗುವಷ್ಟರಲ್ಲಿ ಅವು ಹಳಸುತ್ತವೆ ಎಂದು ಅವನಿಗೂ ಗೊತ್ತು, ಆದರೂ ಬಿಡಲು ಮನಸ್ಸಿಲ್ಲ. ಅದರ ಮುಂದಿನ ಮಂಗಳವಾರ ಅದೇ ಜಾಗದಲ್ಲಿ ಯಾರೂ ಇರಲಿಲ್ಲ. ಹೊಟ್ಟೆಗೆ ಮಂಗಳವಾರವೂ ಒಂದೇ, ಯುಗಾದಿಯೂ ಒಂದೇ.

ಕಂಬಳಿಯದೂ ಇದೇ ಕಥೆ. ಡಿಸೆಂಬರಿನಲ್ಲಿ ಒಬ್ಬರೇ ಹಮಾಲಿಗೆ ಹದಿನೈದು ದಿನದಲ್ಲಿ ಏಳು ಕಂಬಳಿ ಬಂದಿದ್ದವು. ಎರಡನ್ನು ಇಟ್ಟುಕೊಂಡು ಉಳಿದದ್ದನ್ನು ಮಾರಿದರು. ನಮ್ಮ ಗುಂಪಿನ ಒಬ್ಬರು ನೊಂದುಕೊಂಡು, ಇನ್ನು ಮೇಲೆ ಕೊಡುವುದೇ ಇಲ್ಲ ಎಂದರು. ನಾನು ಅವರನ್ನು ಕೇಳಿದೆ: ಏಳು ಕಂಬಳಿಯನ್ನು ಅವರು ಎಲ್ಲಿ ಇಡಬೇಕಿತ್ತು? ಬೆಳಿಗ್ಗೆ ನಾಲ್ಕಕ್ಕೆ ಲಾರಿ ಬಂದರೆ ಹೊತ್ತುಕೊಂಡೇ ಮೂಟೆ ಇಳಿಸಬೇಕೆ? ಬಿಟ್ಟುಹೋದದ್ದು ಸಂಜೆಗೆ ಅಲ್ಲಿರುವುದಿಲ್ಲ. ಕಳುವಾಗದಿದ್ದರೆ ಕಸದ ಗಾಡಿಯವರು ಎತ್ತಿಕೊಂಡು ಹೋಗುತ್ತಾರೆ. ಒಂದು ಬೀಗ ಹಾಕುವ ಪೆಟ್ಟಿಗೆ ಇದ್ದಿದ್ದರೆ ಅವರಿಗೆ ಒಂದೇ ಕಂಬಳಿ ನಾಲ್ಕು ಚಳಿಗಾಲ ಬಾಳುತ್ತಿತ್ತು.

ಇನ್ನೊಂದನ್ನು ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳಲೇಬೇಕು. ಒಬ್ಬ ಅಜ್ಜಿ ನಮ್ಮಿಂದ ಯಾವಾಗಲೂ ಅರ್ಧ ಪೊಟ್ಟಣವನ್ನಷ್ಟೇ ತೆಗೆದುಕೊಳ್ಳುತ್ತಿದ್ದರು. ನೀರಿನ ಬಾಟಲಿಯನ್ನು ಮುಟ್ಟುತ್ತಲೇ ಇರಲಿಲ್ಲ. ಹಸಿವಿಲ್ಲವೇ ಅಮ್ಮಾ ಎಂದು ನಮ್ಮ ಜೊತೆಗಿದ್ದ ಹೆಣ್ಣುಮಗಳೊಬ್ಬಳು ಪಕ್ಕಕ್ಕೆ ಕೂತು ಕೇಳಿದಳು. "ಹಸಿವಿದೆ ತಾಯಿ. ಹೊಟ್ಟೆ ತುಂಬ ತಿಂದು ನೀರು ಕುಡಿದರೆ ಬೆಳಗಿನ ಜಾವ ಎಲ್ಲಿಗೆ ಹೋಗಲಿ?" ಎಂದರು. ಶೌಚಾಲಯಕ್ಕೆ ದುಡ್ಡು ಕೊಡಬೇಕು, ಸ್ನಾನಕ್ಕೆ ಇನ್ನೂ ಹೆಚ್ಚು. ಊಟ ಪುಕ್ಕಟೆ, ಶೌಚಕ್ಕೆ ಕಾಸು. ನಾವು ಇಷ್ಟು ವರ್ಷ ಅನ್ನ ಹಂಚಿದ್ದೇವೆ, ಈ ಲೆಕ್ಕ ನಮಗೆ ಹೊಳೆದಿರಲಿಲ್ಲ, ಅಲ್ಲಿದ್ದ ಗಂಡಸರಿಗಂತೂ ಹೊಳೆಯುವ ಸಂಭವವೇ ಇರಲಿಲ್ಲ. ಅಂದಿನಿಂದ ನಮ್ಮ ಗುಂಪು ಪಲಾವಿನ ದಿನಗಳನ್ನು ಕಡಿಮೆ ಮಾಡಿ, ಒಂದು ಶೌಚಾಲಯದ ನಿರ್ವಾಹಕನಿಗೆ ತಿಂಗಳಿಗೆ ಇಷ್ಟು ಎಂದು ಮುಂಗಡ ಕೊಡುತ್ತಿದೆ. ಗುರುತಿನ ಚೀಟಿ ಇಲ್ಲ. ನಿರ್ವಾಹಕನಿಗೆ ಮುಖಗಳು ಗೊತ್ತು, ಅಷ್ಟು ಸಾಕು. ಇದರ ಫೋಟೊ ತೆಗೆದು ಹಾಕಲು ಬರುವುದಿಲ್ಲ. ಅದಕ್ಕೇ ಏನೋ, ಇದಕ್ಕೆ ದಾನಿಗಳು ಸಿಗುವುದು ಕಷ್ಟ. ಊಟದ ಮಟ್ಟಿಗೆ ಹೇಳುವುದಾದರೆ, ಇಂದಿರಾ ಕ್ಯಾಂಟೀನಿನಲ್ಲಿ ಐದು ರೂಪಾಯಿಗೆ ತಿಂಡಿ, ಹತ್ತಕ್ಕೆ ಊಟ ಸಿಗುತ್ತದೆ. ಕೈಯಲ್ಲಿ ಹತ್ತು ರೂಪಾಯಿ ಇದ್ದವನು ಅಲ್ಲಿ ಸಾಲಿನಲ್ಲಿ ನಿಂತು, ಬೇಕಾದದ್ದನ್ನು ಕೇಳಿ ಪಡೆದು, ತಲೆ ಎತ್ತಿ ಉಣ್ಣುತ್ತಾನೆ. ತಿಪ್ಪಜ್ಜನ ಮರಳಿನ ಗುಡ್ಡೆ ನನಗೆ ನೆನಪಾಗುವುದು ಅಲ್ಲಿ.

ಫೋಟೊ ಎಂದೆ. ದಯವಿಟ್ಟು ಅದನ್ನು ಬಿಡಿ. ಜಡೆಗಟ್ಟಿದ ತಲೆಯವನನ್ನು ನಾಲ್ಕು ಜನ ಹಿಡಿದು ಕೂರಿಸಿ, ಬೋಳಿಸಿ, ಸ್ನಾನ ಮಾಡಿಸಿ, ಮೊದಲು ಹೀಗಿದ್ದ, ಈಗ ಹೀಗಾದ ಎಂದು ಮೊಬೈಲಿನಲ್ಲಿ ಹಂಚುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಅವನು ಒಪ್ಪಿದ್ದನೇ? ಆ ಮುಖವನ್ನು ಎಲ್ಲೋ ಇರುವ ಅವನ ಮಗಳು ನೋಡಬಹುದು. ಮನಸ್ಸಿನ ಕಾಯಿಲೆಯಿಂದ ಅಲೆಯುವವರಿಗೆ ಕ್ಷೌರಕ್ಕಿಂತ ಮೊದಲು ಬೇಕಾದದ್ದು ಚಿಕಿತ್ಸೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ನೂರನೆಯ ಕಲಮಿನ ಪ್ರಕಾರ, ಅಂಥವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸುವುದು, ಕಾಣೆಯಾದವರ ಪ್ರಕರಣ ದಾಖಲಿಸಿ ಮನೆಯವರನ್ನು ಹುಡುಕುವುದು ಪೊಲೀಸರ ಕರ್ತವ್ಯ. ಠಾಣೆಗೆ ಹೋಗಿ ಈ ಕಲಮಿನ ಹೆಸರು ಹೇಳಿ. ಸಿಬ್ಬಂದಿಗೆ ಗೊತ್ತಿರದಿದ್ದರೆ ಗೌರವದಿಂದಲೇ ತೋರಿಸಿ. ಮಕ್ಕಳಾದರೆ 1098, ಹಿರಿಯರಾದರೆ 14567. ಈ ಎರಡು ಸಂಖ್ಯೆಗಳನ್ನು ಈಗಲೇ ಬರೆದುಕೊಳ್ಳಿ.

ಸರ್ಕಾರದ ಮಾತು ಬಂದದ್ದರಿಂದ ನಿಮ್ಮ ಮನೆಯ ಆಸ್ತಿ ತೆರಿಗೆ ರಸೀದಿಯನ್ನು ನೆನಪಿಸಿಕೊಳ್ಳಿ. ಆರೋಗ್ಯ ಕರ, ಗ್ರಂಥಾಲಯ ಕರದ ಪಕ್ಕದಲ್ಲಿ ಭಿಕ್ಷುಕರ ಕರ ಎಂದೊಂದು ಇದೆ. ತೆರಿಗೆಯ ನೂರು ರೂಪಾಯಿಗೆ ಮೂರು ರೂಪಾಯಿ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯ ಮೂಲಕ ಬಂದದ್ದು. ಅಂದರೆ ಈ ಸಭೆಯಲ್ಲಿ ಸ್ವಂತ ಮನೆ ಇರುವ ಪ್ರತಿಯೊಬ್ಬರೂ, ಗೊತ್ತಿದ್ದೋ ಗೊತ್ತಿಲ್ಲದೆಯೋ, ಪ್ರತಿ ವರ್ಷ ನಿರಾಶ್ರಿತರಿಗೆಂದು ಹಣ ಕೊಡುತ್ತಲೇ ಇದ್ದೀರಿ. ತುರ್ಚಘಟ್ಟದ ನಿರಾಶ್ರಿತರ ಪರಿಹಾರ ಕೇಂದ್ರದಂಥವು ನಡೆಯಬೇಕಾದದ್ದು ಆ ಹಣದಿಂದ. ಕೊಟ್ಟವರಿಗೆ ಹೋಗಿ ನೋಡುವ ಹಕ್ಕೂ ಇದೆ, ಹೊಣೆಯೂ ಇದೆ. ಅಲ್ಲಿಗೆ ಹೋಗಿ, ಅಲ್ಲಿರುವವರೊಂದಿಗೆ ಕುಳಿತು ಮಾತಾಡಿ ಬನ್ನಿ. ಆ ಕಾಯ್ದೆ ಬೇಡುವುದನ್ನು ಅಪರಾಧವೆಂದು ನೋಡುತ್ತದೆ, ಹಿಡಿದು ಒಳಗಿಡಲು ಅಧಿಕಾರ ಕೊಡುತ್ತದೆ. ಆದ್ದರಿಂದ ವ್ಯಾನ್ ಕಂಡರೆ ಜನ ಓಡುತ್ತಾರೆ. 2010ರಲ್ಲಿ ಬೆಂಗಳೂರಿನ ಕೇಂದ್ರದಲ್ಲಿ ಸಾಲುಸಾಲಾಗಿ ಜನ ಸತ್ತ ಸುದ್ದಿ ಬೀದಿಯಲ್ಲಿ ಇನ್ನೂ ಸತ್ತಿಲ್ಲ.

ಇದರ ಜೊತೆಗೆ ವಸತಿರಹಿತರ ಆಶ್ರಯ ಕೇಂದ್ರಗಳಿವೆ, ಅವು ಬೇರೆ. ಅಲ್ಲಿ ಯಾರನ್ನೂ ಹಿಡಿದಿಡುವಂತಿಲ್ಲ. ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ್ದು, 2013ರ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಲ್ಲಿ ಬರೆದಿಟ್ಟದ್ದು ಇಷ್ಟು: ಒಂದು ಲಕ್ಷ ಜನಸಂಖ್ಯೆಗೆ ನೂರು ಮಂದಿಯ ಒಂದು ಆಶ್ರಯ, ತಲೆಗೆ 50 ಚದರ ಅಡಿ ಜಾಗ, ದಿನದ 24 ಗಂಟೆಯೂ ತೆರೆದ ಬಾಗಿಲು. 2011ರ ಗಣತಿಯಲ್ಲೇ ದಾವಣಗೆರೆ ನಗರದ ಜನ ನಾಲ್ಕು ಲಕ್ಷ ಮೂವತ್ತೈದು ಸಾವಿರ. ಲೆಕ್ಕ ನೀವೇ ಹಾಕಿ, ನಿಮ್ಮ ವಾರ್ಡಿನ ಸದಸ್ಯರನ್ನು ಕೇಳಿ. ಬಾಗಿಲು 24 ಗಂಟೆ ತೆರೆದಿರಬೇಕು ಎಂಬ ನಿಯಮವನ್ನು ಬರೆದವರಿಗೆ ನಾನು ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ರಾತ್ರಿ ಹತ್ತಕ್ಕೆ ಬಾಗಿಲು ಹಾಕಿದರೆ ಬೆಳಗಿನ ಜಾವ ಲೋಡು ಇಳಿಸುವ ಹಮಾಲಿ ಒಳಗೆ ಬರುವುದು ಹೇಗೆ?

ಆಶ್ರಯ ಕೇಂದ್ರದಿಂದ ಇನ್ನೊಂದು ಉಪಕಾರವಿದೆ, ಅದು ವಿಳಾಸ. ವಿಳಾಸವಿಲ್ಲದವನಿಗೆ ಆಧಾರ್ ಇಲ್ಲ, ಆಧಾರ್ ಇಲ್ಲದವನಿಗೆ ಪಡಿತರವಿಲ್ಲ, ಪಿಂಚಣಿಯಿಲ್ಲ. ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಕೊಟ್ಟ ಪತ್ರ ಆಧಾರ್‌ಗೆ ಪುರಾವೆಯಾಗುತ್ತದೆ. ಒಂದು ಹಾಳೆ, ಒಂದು ಸಹಿ, ಒಂದು ಮೊಹರು. ಅರ್ಧ ಪೊಟ್ಟಣದ ಆ ಅಜ್ಜಿಗೆ ಹಿಂದೆ ಸಂಧ್ಯಾ ಸುರಕ್ಷಾ ಎಂಬ ವೃದ್ಧಾಪ್ಯ ಪಿಂಚಣಿಯ 1200 ರೂಪಾಯಿ ಬರುತ್ತಿತ್ತು. ನಿಂತುಹೋಗಿತ್ತು. ನಮ್ಮ ಗುಂಪಿನಲ್ಲಿ ಮಂಡಕ್ಕಿ ವ್ಯಾಪಾರ ಮಾಡುವವರೊಬ್ಬರಿದ್ದಾರೆ. ಅವರು ಊಟ ಹಂಚಲು ಒಂದು ದಿನವೂ ಬಂದವರಲ್ಲ. ಆದರೆ ಆ ಅಜ್ಜಿಯನ್ನು ಕರೆದುಕೊಂಡು ಒಂದು ಕಚೇರಿಗೆ ಐದು ಸಲ ಹೋದರು. ಮೊದಲ ದಿನ ಸರ್ವರ್ ಇಲ್ಲ. ಎರಡನೆಯ ದಿನ ಸಾಹೇಬರು ಇಲ್ಲ. ಮೂರು, ನಾಲ್ಕನೆಯ ದಿನ ಹೆಬ್ಬೆರಳು ಹೊಂದಲಿಲ್ಲ. ಅರವತ್ತು ವರ್ಷ ಕಳೆ ಕಿತ್ತು, ಪಾತ್ರೆ ತಿಕ್ಕಿದ ಬೆರಳಲ್ಲಿ ರೇಖೆ ಎಲ್ಲಿ ಉಳಿದಿರುತ್ತದೆ? ಅಜ್ಜಿ ಬೆರಳನ್ನು ಸೆರಗಿಗೆ ಒರೆಸಿ ಒರೆಸಿ ಮತ್ತೆ ಒತ್ತುತ್ತಿದ್ದರಂತೆ, ತಪ್ಪು ತಮ್ಮದೇ ಎಂಬಂತೆ. ಐದನೆಯ ದಿನ ಇವರು ಕಣ್ಣಿನ ಪಾಪೆಯಿಂದ ನೋಡಿ ಎಂದು ಪಟ್ಟು ಹಿಡಿದರು. ಒಂದೇ ಬಾರಿಗೆ ಹೊಂದಿತು. ನನ್ನ ಲೆಕ್ಕದಲ್ಲಿ ನಮ್ಮ ಗುಂಪಿನ ದೊಡ್ಡ ದಾನಿ ಅವರೇ. ಐದು ದಿನ ಅಂಗಡಿ ಬಾಗಿಲು ತೆಗೆಯದೆ ಸಾಲಿನಲ್ಲಿ ನಿಂತರು.

ಮನೆಗೆ ಬೇಡುತ್ತ ಬಂದವರಿಗೆ ಕೊಡಲು ಏನೂ ಇಲ್ಲದಾಗ ನಮ್ಮಲ್ಲಿ 'ಇಲ್ಲ, ಹೋಗು' ಎನ್ನುವುದಿಲ್ಲ, ಹಾಗೆ ಅನ್ನಬಾರದೆಂದು ನಮ್ಮ ತಾಯಿ ಹೇಳಿಕೊಟ್ಟಿದ್ದರು. 'ಮುಂದೆ ಹೋಗಪ್ಪ' ಎನ್ನಬೇಕು. ಎಷ್ಟು ಮೆತ್ತಗಿನ ಮಾತು! ಮುಂದಿನ ಮನೆಯಲ್ಲಾದರೂ ಸಿಗಲಿ ಎಂಬ ಹಾರೈಕೆ ಅದರಲ್ಲಿತ್ತು. ಈಗ ಮನೆಯವರು ಆಸ್ಪತ್ರೆಗೆ ಎನ್ನುತ್ತಾರೆ, ಆಸ್ಪತ್ರೆಯವರು ಆಶ್ರಮಕ್ಕೆ ಎನ್ನುತ್ತಾರೆ, ಆಶ್ರಮದವರು ಆಧಾರ್ ತನ್ನಿ ಎನ್ನುತ್ತಾರೆ, ಕಚೇರಿಯವರು ಸೋಮವಾರ ಬನ್ನಿ ಎನ್ನುತ್ತಾರೆ. ಎಲ್ಲರೂ ಸಭ್ಯವಾಗಿಯೇ ಮುಂದೆ ಹೋಗಪ್ಪ ಎನ್ನುತ್ತಿದ್ದೇವೆ.

ಕಾಲು ಊದಿದ್ದ ಹಿರಿಯರ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆ. ಸಕ್ಕರೆ ಕಾಯಿಲೆ ಇತ್ತು. ಒಂದು ಬೆರಳು ಹೋಯಿತು, ಕಾಲು ಉಳಿಯಿತು. ಹತ್ತೊಂಬತ್ತು ದಿನದ ಮೇಲೆ ಕೋಲೂರಿಕೊಂಡು ನಮ್ಮ ಮನೆಗೆ ಬಂದರು. ಕಾಫಿ ಕೊಟ್ಟರೆ ಆಮೇಲೆ ಎಂದರು, ಮೊದಲು ಗಂಟು. ಮೆಟ್ಟಿಲ ಮೇಲೆ ಕುಳಿತು ಸೀರೆಯಂಚಿನ ಗಂಟು ಬಿಚ್ಚಿದರು. ತಟ್ಟೆ, ಅಂಗಿ, ಡಬ್ಬಿ, ಬಾಚಣಿಗೆ, ಕೊಕ್ಕೆ, ಎಲ್ಲವನ್ನೂ ಹೊರಗಿಟ್ಟು ಪ್ಲಾಸ್ಟಿಕ್ ಬಿಡಿಸಿ ಫೋಟೊ ನೋಡಿದರು. ಬಹಳ ಹೊತ್ತು ನೋಡಿದರು. ಅದನ್ನು ಜೇಬಿಗೆ ಹಾಕಿಕೊಂಡು, ಉಳಿದದ್ದನ್ನು ಮತ್ತೆ ಹಾಗೇ ಕಟ್ಟಿ, "ಇದು ಇಲ್ಲೇ ಇರಲಿ. ಒಂದು ಮಿಲ್ಲಿನ ಕಾವಲಿಗೆ ಕರೆದಿದ್ದಾರೆ, ನೋಡಿಕೊಂಡು ಬರುತ್ತೇನೆ" ಎಂದರು. ಕಾಫಿ ಕುಡಿದು ಹೋದರು. ತಿಂಗಳಿಗೊಮ್ಮೆ ಬಂದು ಗಂಟು ಬಿಚ್ಚಿ, ನೋಡಿ, ಕಟ್ಟಿಟ್ಟು ಹೋಗುತ್ತಾರೆ.

ಅವರು ಬೇರೆಯವರಿಗೆ ಹೇಳಿದ್ದಾರೆ. ಈಗ ನಮ್ಮ ಮೆಟ್ಟಿಲ ಕೆಳಗೆ ಐದು ಗಂಟುಗಳಿವೆ. ಒಬ್ಬರು ಕಾಫಿ ಕೊಯ್ಲಿಗೆ ಹೋಗಿದ್ದಾರೆ, ಒಬ್ಬ ತಾಯಿ ಹೆರಿಗೆಯಾದ ಮಗಳ ಜೊತೆ ಆಸ್ಪತ್ರೆಯಲ್ಲಿದ್ದಾರೆ. ಆರನೆಯದಕ್ಕೆ ಅಲ್ಲಿ ಜಾಗವಿಲ್ಲ, ಮೊನ್ನೆ ಬಂದ ಒಬ್ಬರನ್ನು ವಾಪಸು ಕಳಿಸಬೇಕಾಯಿತು. ರೈಲು ನಿಲ್ದಾಣದ ಆಸುಪಾಸಿನಲ್ಲಿ, ಮಂಡಿಪೇಟೆಯಲ್ಲಿ, ನಿಮ್ಮಲ್ಲಿ ಯಾರದಾದರೂ ಗೋದಾಮು ಇದ್ದರೆ, ಅದರಲ್ಲಿ ಹತ್ತಡಿ ಉದ್ದದ ಒಂದು ಗೋಡೆ ಖಾಲಿ ಇದ್ದರೆ ಸಾಕು. ಬೀಗದ ಪೆಟ್ಟಿಗೆಗಳನ್ನು ನಾವು ಮಾಡಿಸುತ್ತೇವೆ, ಬೆಳಿಗ್ಗೆ ಐದಕ್ಕೆ ಮತ್ತು ರಾತ್ರಿ ಒಂಬತ್ತಕ್ಕೆ ಬಂದು ತೆರೆಯಲು ಇಬ್ಬರು ಹುಡುಗರು ಒಪ್ಪಿದ್ದಾರೆ. ನಾನು ಬಾಗಿಲ ಹತ್ತಿರ ನಿಂತಿರುತ್ತೇನೆ, ಹೋಗುವಾಗ ಹೇಳಿ ಹೋಗಿ.